ಎಡಗಣ್ಣಿನ ಕಣ್ಣೀರೆಲುಬು

ಮನುಷ್ಯನ ಮುಖದಲ್ಲಿ ಹದಿನಾಲ್ಕು ಎಲುಬು. ಎಕ್ಸ್‌ರೇ ಕಾಲೇಜಿನಲ್ಲಿ ಇದನ್ನು ಮೊದಲ ವಾರವೇ ಕಲಿಸುತ್ತಾರೆ, ಅದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಆದರೆ ಚಡಪಡಿ ಎಣಿಸಿದಾಗಲೆಲ್ಲ ಅವು ಒಮ್ಮೆ ಹದಿಮೂರಾಗುತ್ತಿದ್ದವು, ಒಮ್ಮೆ ಹದಿನಾರಾಗುತ್ತಿದ್ದವು. ಕಳೆದ ಪರೀಕ್ಷೆಯಲ್ಲಿ ಮುಖದ ಎಲುಬುಗಳ ಪಾಠಕ್ಕೆ ಅವಳಿಗೆ ಬಂದದ್ದು ಮೊಟ್ಟೆ. ಸೊನ್ನೆ ಎಂದರೆ ಮರ್ಯಾದೆಯ ಮಾತಾಯಿತು. ಅಂಕಪಟ್ಟಿಯಲ್ಲಿ ಅದು ಕೋಳಿ ಈಗಷ್ಟೇ ಇಟ್ಟು ಎದ್ದುಹೋದ ಹಾಗೆ ದುಂಡಗೆ ಕೂತಿತ್ತು.

ಚಡಪಡಿ ಎಂಬುದು ಅಜ್ಜಿ ಇಟ್ಟ ಹೆಸರು. ತೊಟ್ಟಿಲಲ್ಲೂ ಒಂದು ಗಳಿಗೆ ತೆಪ್ಪಗೆ ಮಲಗದ ಕೂಸಂತೆ. ಇಂಥವಳು ಹೋಗಿ ಹೋಗಿ ಎಕ್ಸ್‌ರೇ ಕಲಿಯಲು ಸೇರಿದ್ದಳು. ಅಲ್ಲಿ ದಿನವಿಡೀ ಬೇರೆಯವರಿಗೆ "ಅಲ್ಲಾಡಬೇಡಿ, ಉಸಿರು ಹಿಡೀರಿ" ಎನ್ನುವುದೇ ಕೆಲಸ. ಹಾಗೆ ಹೇಳುವಾಗ ಇವಳ ಕಾಲೇ ನೆಲದ ಮೇಲೆ ತಾಳ ಹಾಕುತ್ತಿರುತ್ತಿತ್ತು. ಈ ಸೋಮವಾರ ಮತ್ತೆ ಮುಖದಲ್ಲಿ ಮುಗ್ಗರಿಸಿದರೆ ಒಂದು ವರ್ಷ ಹಿಂದೆ ಬೀಳಬೇಕಾಗಿತ್ತು.

ಕಾಲೇಜಿನಲ್ಲಿ ಒಂದು ಮರದ ಪೆಟ್ಟಿಗೆಯಿತ್ತು. ಒಳಗೆ ಹತ್ತಿಯ ಹಾಸು, ಹಾಸಿನಲ್ಲಿ ಹದಿನಾಲ್ಕು ಗುಳಿ, ಗುಳಿಗೊಂದರಂತೆ ಯಾರೋ ಒಬ್ಬರ ಮುಖದ ಬಿಡಿ ಎಲುಬುಗಳು. ದವಡೆ, ಕೆನ್ನೆ, ಮೂಗು ಇವೆಲ್ಲ ನೋಡಿದರೆ ಯಾರಿಗಾದರೂ ಗುರುತು ಸಿಗುತ್ತವೆ. ಕಷ್ಟ ಕೊಡುವುದು ಒಳಗಿನವು: ಅಂಗುಳಿನದೆರಡು, ಮೂಗಿನೊಳಗೆ ಸುರುಳಿ ಸುತ್ತಿದ್ದೆರಡು, ಮೂಗನ್ನು ನಡುವೆ ಸೀಳಿದ ನೇಗಿಲೆಲುಬು ಒಂದು. ಎಲ್ಲಕ್ಕಿಂತ ಪುಟ್ಟವು ಕಣ್ಣಿನ ಒಳಮೂಲೆಯ ಕಣ್ಣೀರೆಲುಬುಗಳು, ಬಲಕ್ಕೊಂದು ಎಡಕ್ಕೊಂದು. ಕಿರುಬೆರಳಿನ ಉಗುರಿನಷ್ಟು ಅಗಲ, ಉಗುರಿನಷ್ಟೇ ತೆಳುವು, ಊದಿದರೆ ಹಾರಿಹೋಗುವಂಥವು.

ಆ ಪೆಟ್ಟಿಗೆಯನ್ನು ಯಾರು ತೆರೆದರೂ ಎಣಿಸುವವರು ಒಬ್ಬರೇ. ಪಾಠ ಹೇಳುವ ಮೇಡಂ. ಪಾಠಕ್ಕೆ ಮುಂಚೆ ಒಮ್ಮೆ, ಪಾಠವಾದ ಮೇಲೆ ಒಮ್ಮೆ, ರಜೆ ಮುಗಿಸಿ ಬಂದರೆ ಇನ್ನೊಮ್ಮೆ ಎಣಿಸುತ್ತಿದ್ದರು. ಅದಕ್ಕೇ ಹುಡುಗರೆಲ್ಲ ಅವರನ್ನು ಬೆನ್ನ ಹಿಂದೆ ಎಣಿಕೆ ಮೇಡಂ ಎನ್ನುತ್ತಿದ್ದರು. ಹದಿಮೂರು ಎಲುಬುಗಳನ್ನು ಅವರು ಚಿಮಟದಲ್ಲಿ ಎತ್ತುತ್ತಿದ್ದರು. ಕೊನೆಯದನ್ನು, ಎಡಗಣ್ಣಿನ ಕಣ್ಣೀರೆಲುಬನ್ನು, ಮಾತ್ರ ಬರಿಬೆರಳಲ್ಲಿ ಎತ್ತಿ ಒಂದು ಕ್ಷಣ ಹಿಡಿದು, "ಹದಿನಾಲ್ಕು" ಎಂದು ಇಡುತ್ತಿದ್ದರು. ಚಿಮಟ ತಾಗಿದರೆ ಮುರಿದೀತೆಂದು ಹಾಗೆ ಮಾಡುತ್ತಾರೆ ಎಂದೇ ಎಲ್ಲರೂ ತಿಳಿದಿದ್ದರು.

"ಇದು ಬರೀ ಎಲುಬಲ್ಲ, ಒಬ್ಬರ ಮುಖ," ಎನ್ನುತ್ತಿದ್ದರು. "ಎಣಿಸಿ ತೆಗೀಬೇಕು, ಎಣಿಸಿ ಇಡಬೇಕು."

ಪೆಟ್ಟಿಗೆ ಇಡುವ ಕಪಾಟಿನ ಬಾಗಿಲ ಮೇಲೆ ಅವರದೇ ಕೈಬರಹದ ಒಂದು ಚೀಟಿ ಅಂಟಿತ್ತು: ಪೆಟ್ಟಿಗೆ ಈ ಕೋಣೆ ಬಿಟ್ಟು ಹೋಗಕೂಡದು; ಎಣಿಕೆ ತಪ್ಪಿದರೆ ಕೀಲಿಯವನೇ ಹೊಣೆ, ಅವನನ್ನು ಕೆಲಸದಿಂದ ತೆಗೆಯಲಾಗುವುದು. ಕೀಲಿಯವನೆಂದರೆ ಬೀಗದಣ್ಣ. ಕೋಣೆಗಳ ಬೀಗ ತೆಗೆದು ಹಾಕುವುದು, ಕಿರಣ ತಡೆಯುವ ಸೀಸದ ಅಂಗಿಗಳನ್ನು ಒರೆಸಿಡುವುದು, ಫಿಲ್ಮು ತೊಳೆಯುವ ಯಂತ್ರಕ್ಕೆ ನೀರು ತುಂಬುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಒಂದು ಗುಂಡುಸೂಜಿಯನ್ನೂ ಕಳೆದವನಲ್ಲ.

ಶನಿವಾರ ಸಂಜೆ ಚಡಪಡಿ ಅವನ ಮುಂದೆ ನಿಂತು ಗೋಗರೆದಳು.

"ಪುಸ್ತಕದ ಚಿತ್ರ ನೋಡಿದ್ರೆ ತಲೆಗೆ ಹತ್ತಲ್ಲ ಅಣ್ಣ. ಕೈಯಲ್ಲಿ ಹಿಡಿದು ನೋಡ್ಬೇಕು. ಒಂದೇ ಒಂದು ದಿನ ಕೊಡಿ."

"ಬಾಗಿಲ ಮೇಲೆ ಬರೆದಿರೋದು ಓದೋಕೆ ಬರುತ್ತಾ ನಿಂಗೆ?"

"ಬರುತ್ತೆ."

"ಮತ್ತೆ?"

"ಎಲುಬು ಮಾತ್ರ ಬರಲ್ಲ."

ಬೀಗದಣ್ಣ ನಕ್ಕುಬಿಟ್ಟ. ಇಂಥ ವ್ಯವಹಾರದಲ್ಲಿ ನಕ್ಕವನು ಸೋತ ಹಾಗೆ. ಪೆಟ್ಟಿಗೆಯನ್ನು ಒಂದು ಟವೆಲಿನಲ್ಲಿ ಸುತ್ತಿ ಅವಳ ಕೈಗಿಟ್ಟು, ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಸೋಮವಾರ ಎಂಟಕ್ಕೆ ಮುಂಚೆ ಇಲ್ಲಿರ್ಬೇಕು. ಎಂಟೂವರೆಗೆ ಮೇಡಂ ಎಣಿಸ್ತಾರೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡ ತಾಯಿ."

ಭಾನುವಾರ ಮಧ್ಯಾಹ್ನದ ತನಕ ಎಲ್ಲವೂ ಸರಿಯಿತ್ತು.

ಅವರ ಮನೆ ಎರಡನೇ ಮಹಡಿಯಲ್ಲಿ, ಎರಡು ಕೋಣೆ. ಒಳ್ಳೆಯ ಬೆಳಕು ಬೀಳುವುದು ಒಂದೇ ಕಿಟಕಿಯ ಕೆಳಗೆ. ಅಲ್ಲಿ ಚಡಪಡಿ ದಿನಪತ್ರಿಕೆ ಹಾಸಿ, ಅದರ ಅರ್ಧದಲ್ಲಿ ಎಲುಬುಗಳನ್ನು ಸಾಲಾಗಿ ಇಟ್ಟು ಕೂತಳು. ಉಳಿದರ್ಧದಲ್ಲಿ ಅಮ್ಮ ಅಜ್ಜಿಯ ಕೈ ಉಗುರು ಕತ್ತರಿಸಲು ಕೂತಳು, ಏಕೆಂದರೆ ಉಗುರು ಕತ್ತರಿಸುವುದಕ್ಕೂ ಬೆಳಕು ಬೇಕು. ಅಜ್ಜಿಯ ಉಗುರುಗಳು ದಪ್ಪ, ಹಳದಿ, ಮುದುರಿದವು. ಬಿಸಿನೀರಲ್ಲಿ ನೆನೆಸದೆ ಕತ್ತರಿಗೆ ಜಗ್ಗುತ್ತಿರಲಿಲ್ಲ.

"ಯಾರದೇ ಇದು ಮುಖ?" ಎಂದು ಅಜ್ಜಿ ಕೇಳಿದಳು.

"ಗೊತ್ತಿಲ್ಲ ಅಜ್ಜಿ."

"ಗಂಡೋ ಹೆಣ್ಣೋ?"

"ಅದೂ ಗೊತ್ತಿಲ್ಲ."

ಅಜ್ಜಿ ಬಗ್ಗಿ ನೋಡಿದಳು. "ಮೂಗು ಇಷ್ಟೇ ಇಷ್ಟಿದೆ. ಕಂಡೋರ ವಿಷಯಕ್ಕೆ ಮೂಗು ತೂರ್ಸಿದೋರಲ್ಲ ಬಿಡು. ಒಳ್ಳೆಯೋರೇ."

"ನೀವು ಕೈ ಅಲ್ಲಾಡಿಸ್ಬೇಡಿ ಅತ್ತೆ," ಎಂದು ಅಮ್ಮ ಗದರಿದಳು. "ಅಜ್ಜಿ ಮೊಮ್ಮಗಳು ಇಬ್ಬರೂ ಒಂದೇ."

ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಅಮ್ಮ ಓಡಿದಳು, ಅವಳ ಹಿಂದೆ ಚಡಪಡಿಯೂ ಓಡಿದಳು. ಹಾಲಿಗೆ ಇಬ್ಬರು ಬೇಕಾಗಿರಲಿಲ್ಲ, ಆದರೆ ಯಾರಾದರೂ ಓಡಿದರೆ ತಾನೂ ಓಡದಿದ್ದರೆ ಅವಳು ಚಡಪಡಿ ಹೇಗಾದಾಳು? ಓಡುವ ಭರದಲ್ಲಿ ಕಾಲು ಪತ್ರಿಕೆಗೆ ತಾಗಿತು. ವಾಪಸು ಬಂದು ಎಲುಬುಗಳನ್ನು ಬಾಚಿ ಗುಳಿಗಳಿಗೆ ಇಟ್ಟಳು. ಅಮ್ಮ ಉಗುರಿನ ಚೂರುಗಳ ಸಮೇತ ಪತ್ರಿಕೆ ಮಡಿಚಿ, ಕಸದ ಡಬ್ಬಿಗೆ ಕೊಡವಿ, ಡಬ್ಬಿಯನ್ನು ಕೆಳಗಿನ ತೊಟ್ಟಿಗೆ ಸುರಿದು ಬಂದಳು.

ಚಡಪಡಿ ಎಣಿಸಿದಳು. ಹದಿಮೂರು ಬಂತು. ಗಾಬರಿಯಾಗಲಿಲ್ಲ, ಹದಿಮೂರು ಬರುವುದು ಅವಳಿಗೆ ರೂಢಿಯೇ. ಇನ್ನೊಮ್ಮೆ ಎಣಿಸಿದಾಗಲೂ ಹದಿಮೂರೇ ಬಂತು. ಮೂರನೇ ಸಲ ಒಂದೊಂದರ ಹೆಸರು ಹೇಳಿ ಎಣಿಸಿದಳು, ಮತ್ತು ಹುಟ್ಟಿದಾರಭ್ಯ ಮೊದಲ ಬಾರಿಗೆ ಅವಳ ಎಣಿಕೆ ಸರಿಯಾಗಿತ್ತು. ಬಲಗಣ್ಣಿನ ಕಣ್ಣೀರೆಲುಬು ಇರಲಿಲ್ಲ.

ಆಮೇಲಿನ ಎರಡು ಗಂಟೆ ಆ ಮನೆಯಲ್ಲಿ ಯಾರೂ ಕೂರಲಿಲ್ಲ. ಚಾಪೆ ಕೊಡವಿದರು, ಕಪಾಟು ಸರಿಸಿದರು, ಅಜ್ಜಿಯನ್ನು ಎರಡು ಸಲ ಎಬ್ಬಿಸಿ ಅವಳ ಸೀರೆಯ ನೆರಿಗೆ ನೋಡಿದರು. ಚಡಪಡಿ ಕೆಳಗಿಳಿದು ತೊಟ್ಟಿಯ ಕಸವನ್ನೆಲ್ಲ ಅಂಗಳದಲ್ಲಿ ಹರಡಿ, ಮಂಡಿಯೂರಿ ಹುಡುಕಿದಳು. ಅಕ್ಕಪಕ್ಕದವರು ಕಿಟಕಿಯಿಂದ ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಹಳದಿಯಾದ, ತೆಳುವಾದ, ಬಾಗಿದ ಚೂರು ಕಂಡಾಗಲೆಲ್ಲ ಅವಳ ಎದೆ ಜಿಗಿಯುತ್ತಿತ್ತು. ಅಂಥವು ಒಂಬತ್ತು ಸಿಕ್ಕಿದವು. ಒಂಬತ್ತೂ ಅಜ್ಜಿಯ ಉಗುರು.

"ಸಿಕ್ತಾ?" ಎಂದು ಅಜ್ಜಿ ಮೇಲಿನಿಂದ ಕೂಗಿದಳು.

"ನಿನ್ನ ಉಗುರು ಸಿಕ್ತು!"

"ಅದನ್ನೇ ಇಟ್ಬಿಡೇ. ಹೆಬ್ಬೆರಳಿಂದು ದಪ್ಪಗಿದೆ, ನೋಡು. ಯಾರಿಗೆ ಗೊತ್ತಾಗುತ್ತೆ?"

ಚಡಪಡಿಗೆ ಅಳು ಬಂತು. ವರ್ಷ ಹಾಳಾಗುವುದು ಅವಳ ಹಣೆಬರಹ, ಅವಳೇ ತಂದುಕೊಂಡದ್ದು. ಆದರೆ ಬೀಗದಣ್ಣ? ಹತ್ತೊಂಬತ್ತು ವರ್ಷ ನಿಯತ್ತಿನಿಂದ ದುಡಿದವನು ಇವಳ ಮೇಲಿನ ಕನಿಕರಕ್ಕೆ ಬೀದಿಗೆ ಬೀಳಬೇಕೇ? ಎದ್ದಳು, ಕೂತಳು, ನೀರು ಕುಡಿದಳು, ಕುಡಿದದ್ದು ಮರೆತು ಮತ್ತೆ ಕುಡಿದಳು.

ಆಗ ಅಡುಗೆಮನೆಯ ಕಟ್ಟೆಯ ಮೇಲಿದ್ದ ಮೊಟ್ಟೆಯ ಚಿಪ್ಪು ಕಣ್ಣಿಗೆ ಬಿತ್ತು.

ತೆಳುವು, ಸ್ವಲ್ಪ ಬಾಗು, ಸುಣ್ಣ. ಎಲುಬೂ ಸುಣ್ಣವೇ ಅಲ್ಲವೇ? ಒಂದು ಚೂರು ಮುರಿದು, ಒಳಗಿನ ಪೊರೆ ಸುಲಿದು, ಉಗುರು ಉಜ್ಜುವ ಅರದಿಂದ ಅಂಚು ತೀಡತೊಡಗಿದಳು. ಮಾದರಿಗೆ ಪೆಟ್ಟಿಗೆಯಲ್ಲಿದ್ದ ಎಡಗಣ್ಣಿನ ಎಲುಬನ್ನೇ ತೆಗೆದು ಪಕ್ಕದಲ್ಲಿಟ್ಟುಕೊಂಡಳು. ಒಮ್ಮೆ ಅದು ಅವಳ ಬೆರಳ ನಡುವೆ ಸಿಕ್ಕಿ ಬಾಗಿತು. ಪ್ರಾಣ ಬಾಯಿಗೆ ಬಂತು. ಆದರೆ ಮುರಿಯಲಿಲ್ಲ. ಪುಣ್ಯಾತ್ಮರ ಎಲುಬು, ಗಟ್ಟಿಯಿದೆ ಎಂದುಕೊಂಡು ದೇವರಿಗೆ ಕೈಮುಗಿದು ದೂರ ಸರಿಸಿಟ್ಟಳು. ಐದು ಚಿಪ್ಪು ಪುಡಿಯಾದವು. ಆರನೆಯದು ಆಕಾರಕ್ಕೆ ಬಂತು. ಅದನ್ನು ಚಹಾದ ನೀರಲ್ಲಿ ಅದ್ದಿ, ತೆಗೆದು, ಒಣಗಿಸಿ, ಮತ್ತೆ ಅದ್ದಿ, ಎಡದ್ದರ ಹಳದಿಗೆ ಹಳದಿ ಕೂಡಿಸಿದಳು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಡಹುಟ್ಟಿದವೇ.

"ತಪ್ಪಲ್ವೇನೇ ಇದು?" ಎಂದಳು ಅಮ್ಮ.

"ತಪ್ಪೇ," ಎಂದಳು ಚಡಪಡಿ. "ಸರಿ ಯಾವುದು ಅಂತ ಹೇಳು, ಅದನ್ನೇ ಮಾಡ್ತೀನಿ."

ಅಮ್ಮ ಚಿಪ್ಪಿಗಾಗಿ ಒಡೆದ ಮೊಟ್ಟೆಗಳನ್ನೆಲ್ಲ ಸಾರಿಗೆ ಹಾಕಿದಳು.

ಸೋಮವಾರ ಎಂಟಕ್ಕೆ ಹತ್ತು ನಿಮಿಷವಿರುವಾಗ ಪೆಟ್ಟಿಗೆ ಕಪಾಟು ಸೇರಿತು. ಬೀಗದಣ್ಣ ಟವೆಲು ಮಡಿಚುತ್ತ, "ಎಲ್ಲಾ ಇದೆ ತಾನೆ?" ಎಂದ. "ಹದಿನಾಲ್ಕು," ಎಂದಳು. ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಅವನು ತಿರುಗಿ ನೋಡದೆ ನಂಬಿದ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಎಂಟೂವರೆಗೆ ಮೇಡಂ ಬಂದರು. ಕನ್ನಡಕ ಏರಿಸಿ, ಚಿಮಟ ಹಿಡಿದು ಒಂದೊಂದಾಗಿ ಎತ್ತಿದರು. ಬಲಗಣ್ಣಿನದು ಬಂದಾಗ ಚಡಪಡಿ ಗೋಡೆಯ ಗಡಿಯಾರ ನೋಡುತ್ತಿದ್ದಳು. "ಹದಿಮೂರು." ಬಳಿಕ ಚಿಮಟ ಕೆಳಗಿಟ್ಟು ಎಡಗಣ್ಣಿನದನ್ನು ಬೆರಳಲ್ಲಿ ಎತ್ತಿದರು. "ಹದಿನಾಲ್ಕು." ಕತ್ತಿನ ಮೇಲಿಂದ ಕತ್ತಿ ಎತ್ತಿದ ಹಾಗಾಯಿತು. ಸದ್ಯ, ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡಳು. ಅವಳ ಪಾಲಿಗೆ ಬಂದ ಆಯುಸ್ಸು ಎರಡೂವರೆ ಗಂಟೆ.

ಪರೀಕ್ಷೆಗೆ ಬೇರೆ ಕಾಲೇಜಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ದಪ್ಪನೆಯ ಮನುಷ್ಯ, ಕನ್ನಡಕವನ್ನು ಹಣೆಗೇರಿಸಿ, ಅದನ್ನು ಮರೆತು ಮೇಜಿನ ಮೇಲೆಲ್ಲ ಹುಡುಕುವವರು. ಚಡಪಡಿಯ ಸರದಿ ಬಂದಾಗ ಅವರು ಪೆಟ್ಟಿಗೆಯನ್ನು ಅವಳ ಮುಂದೆ ತಳ್ಳಿದರು.

"ಹೆಸರು ಹೇಳೋದು ಗಿಳಿಪಾಠ. ನೀನೊಂದು ಕೆಲಸ ಮಾಡು. ಈ ಹದಿನಾಲ್ಕನ್ನೂ ಒಂದೇ ಫಿಲ್ಮಿನ ಮೇಲೆ ಜೋಡಿಸಿ ಎಕ್ಸ್‌ರೇ ತೆಗಿ. ದವಡೆನೂ ಕಾಣ್ಬೇಕು, ಕಣ್ಣೀರೆಲುಬೂ ಕಾಣ್ಬೇಕು. ದಪ್ಪಕ್ಕೆ ಅಂತ ಕಿರಣ ಏರಿಸಿದ್ರೆ ತೆಳುವು ಸುಟ್ಟುಹೋಗುತ್ತೆ. ನೋಡೋಣ ನಿನ್ನ ಕೈಚಳಕ."

ನಿನ್ನೆ ಸಂಜೆಯೆಲ್ಲ ಅವಳು ಬಣ್ಣ ನೋಡಿದ್ದಳು, ಬಾಗು ನೋಡಿದ್ದಳು, ಅಂಚು ನೋಡಿದ್ದಳು. ಎಕ್ಸ್‌ರೇ ಕಲಿಯುವ ಹುಡುಗಿ ಎಕ್ಸ್‌ರೇ ಒಂದನ್ನೇ ಮರೆತಿದ್ದಳು!

ಎಲುಬುಗಳನ್ನು ಫಿಲ್ಮಿನ ಮೇಲೆ ಜೋಡಿಸಿದಳು. ಎದುರಿಗೆ ಒಬ್ಬ ಮನುಷ್ಯ ನಿಂತ ಹಾಗೆ, ಅವನ ಬಲ ತನ್ನ ಎಡಕ್ಕೆ ಬರುವಂತೆ ಇಟ್ಟು, ಬಲಕ್ಕೊಂದು ಎಡಕ್ಕೊಂದು ಸೀಸದ ಗುರುತಕ್ಷರ ಇಟ್ಟಳು. ನಂತರ ಗಾಜಿನ ಹಿಂದಿನ ಗುಂಡಿಗಳ ಮುಂದೆ ನಿಂತಳು. ದಾರಿ ಎರಡೇ. ಕಿರಣವನ್ನು ಮಿತಿಮೀರಿ ಏರಿಸಿಬಿಟ್ಟರೆ ತೆಳುವಾದವೆಲ್ಲ ಕಪ್ಪಿನಲ್ಲಿ ಕರಗಿಹೋಗುತ್ತವೆ, ಚಿಪ್ಪು ಯಾವುದು ಎಲುಬು ಯಾವುದು ಬ್ರಹ್ಮನಿಗೂ ತಿಳಿಯದು. ಬೀಗದಣ್ಣ ಉಳಿಯುತ್ತಾನೆ, ಅವಳು ನಪಾಸು. ತಗ್ಗಿಸಿ ಸರಿಯಾಗಿ ತೆಗೆದರೆ ಅವಳು ಪಾಸು, ಆದರೆ ಚಿಪ್ಪು ಬಾಯಿ ಬಿಟ್ಟರೆ ಇಬ್ಬರೂ ಮುಳುಗುತ್ತಾರೆ. ಬೆರಳು ಗುಂಡಿಯನ್ನು ಏರಿಸಿತು, ಇಳಿಸಿತು, ಮತ್ತೆ ಏರಿಸಿತು.

"ಮುಹೂರ್ತ ನೋಡ್ತಿದ್ದೀಯಾ?" ಎಂದರು ಪರೀಕ್ಷಕರು, ಸೀದಾ ಅವಳ ಬೆನ್ನ ಹಿಂದೆ ಬಂದು ನಿಂತು.

ಬೆನ್ನ ಹಿಂದೆ ನಿಂತವರ ಎದುರು ಗೊತ್ತಿದ್ದೂ ಗೊತ್ತಿದ್ದೂ ಕೆಟ್ಟ ಫಿಲ್ಮು ತೆಗೆಯಲು ಅವಳ ಕೈ ಒಪ್ಪಲಿಲ್ಲ. ಸುಣ್ಣಕ್ಕೆ ಸುಣ್ಣ, ಹೊಂದಿಕೊಂಡೀತು ಎಂದು ಮನಸ್ಸಿಗೆ ಸಮಾಧಾನ ಹೇಳಿ, ಕಿರಣ ತಗ್ಗಿಸಿ ಗುಂಡಿ ಒತ್ತಿದಳು. ಎಲುಬುಗಳನ್ನು ಅವವುಗಳ ಗುಳಿಗೆ ಮರಳಿಸಿ ಫಿಲ್ಮನ್ನು ಯಂತ್ರಕ್ಕೆ ಕೊಟ್ಟಳು.

ಫಿಲ್ಮು ತೊಳೆಯುವ ಯಂತ್ರ ಒಂದೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಆ ಒಂದೂವರೆ ನಿಮಿಷದಲ್ಲಿ ಚಡಪಡಿ ಏಳು ಸಲ ಬಾಗಿಲ ತನಕ ಹೋಗಿಬಂದಳು. ಬೀಗದಣ್ಣ ಯಂತ್ರದ ಪಕ್ಕ ಕೈಕಟ್ಟಿ ನಿಂತಿದ್ದ. ಫಿಲ್ಮು ಹೊರಬಂದಾಗ ಅದನ್ನು ಎತ್ತಿ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದವನೂ ಅವನೇ.

ಪರೀಕ್ಷಕರು ಮೇಜಿನ ಮೇಲೆ ಕನ್ನಡಕ ಹುಡುಕಿ, ಹಣೆಯ ಮೇಲೆ ಸಿಕ್ಕಿದ ಮೇಲೆ ಇಳಿಸಿಕೊಂಡು ನೋಡಿದರು. "ಅರೆ, ಭೇಷ್! ದವಡೆಯ ಹಲ್ಲಿನ ಬೇರಿನ ತನಕ ಕಾಣ್ತಿದೆ. ಅಂಗುಳಿಂದು ಸರಿ. ಬಲಗಣ್ಣಿನ ಕಣ್ಣೀರೆಲುಬು ನೋಡಿ ಮೇಡಂ, ಎಷ್ಟು ನಿಚ್ಚಳವಾಗಿದೆ. ಇಷ್ಟು ಚೆನ್ನಾಗಿ ನಾನೂ ತೆಗೆದಿರ್ಲಿಲ್ಲ."

ಮೊಟ್ಟೆಗೆ ಹೊಗಳಿಕೆ! ಚಡಪಡಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಡಂ ಮಾತ್ರ ಆ ನಿಚ್ಚಳವಾದ ಚೂರನ್ನು ನೋಡಿ, ಒಮ್ಮೆ ಅವಳ ಮುಖ ನೋಡಿದರು.

"ಆದ್ರೆ," ಎಂದು ಪರೀಕ್ಷಕರು ಫಿಲ್ಮಿಗೆ ಮೂಗು ತಾಗುವಷ್ಟು ಬಗ್ಗಿದರು. "ಎಡಗಣ್ಣಿಂದು ಎಲ್ಲಿ?"

ಅದು ಇರಬೇಕಾದ ಜಾಗದಲ್ಲಿ ಬರೀ ಕಪ್ಪು. ಕಣ್ಣು ಕಿರಿದು ಮಾಡಿ ನೋಡಿದರೆ ಗಾಜಿನ ಮೇಲೆ ಉಸಿರು ಬಿಟ್ಟಷ್ಟು ಮಸುಕು. ಪರೀಕ್ಷಕರು ಹೋಗಿ ಹತ್ತಿಯಲ್ಲಿದ್ದ ಎಡದ ಚೂರನ್ನು ಚಿಮಟದಲ್ಲಿ ಎತ್ತಿ ಒತ್ತಿದರು. ಅದು ಬಾಗಿತು, ಬಿಟ್ಟಾಗ ನೆಟ್ಟಗಾಯಿತು.

"ಇದು ಎಲುಬೇ ಅಲ್ಲ. ಯಾರೋ ಏನೋ ಕತ್ತರಿಸಿ ಇಟ್ಟಿದ್ದಾರೆ. ಎಣಿಕೆ ಹದಿಮೂರೇ." ಅವರ ದನಿ ಬದಲಾಯಿತು. "ಕಪಾಟಿನ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಸಾರ್," ಎಂದ ಬೀಗದಣ್ಣ.

"ಪೆಟ್ಟಿಗೆ ಹೊರಗೆ ಹೋಗಿತ್ತಾ?"

ಬೀಗದಣ್ಣ ಚಡಪಡಿಯ ಕಡೆ ನೋಡಲೇ ಇಲ್ಲ. ನೆಲ ನೋಡುತ್ತ, "ಕೀಲಿ ನಂದು, ಹೊಣೆನೂ ನಂದೇ ಸಾರ್," ಎಂದ. "ಬೇರೆ ಯಾರನ್ನೂ ಕೇಳ್ಬೇಡಿ."

ಚಡಪಡಿಯ ತಲೆ ಗಿರ್ರೆಂದಿತು. ಎಡದ್ದು ತನ್ನದಲ್ಲ! ಅದು ಏನೆಂದು ಅವಳಿಗೆ ದೇವರಾಣೆ ಗೊತ್ತಿಲ್ಲ. ತನ್ನ ಕಳ್ಳಮಾಲು ಬಲಕ್ಕೆ ಕೂತು ಹೊಗಳಿಸಿಕೊಳ್ಳುತ್ತಿದೆ. ಬಾಯಿ ಮುಚ್ಚಿಕೊಂಡಿದ್ದರೆ ಪಾಸು, ಯಾರ ಬೆರಳೂ ಅವಳ ಕಡೆ ತಿರುಗದು. ಆದರೆ ಬೀಗದಣ್ಣ ಅವಳೇ ಎಡದ್ದನ್ನು ಕಳೆದಳೆಂದು ತಿಳಿದು, ಅವಳಿಗಾಗಿ ತಲೆ ಕೊಡುತ್ತಿದ್ದ. ಬಾಯಿ ಮುಚ್ಚಿಕೊಳ್ಳುವುದು ಅವಳಿಂದ ಆಗಲಿಲ್ಲ.

"ಬಲದ್ದು ನಂದು ಸಾರ್," ಎಂದುಬಿಟ್ಟಳು.

"ಬಲ ಅಲ್ಲಮ್ಮ, ಎಡ. ಕೊನೇ ವರ್ಷಕ್ಕೆ ಬಂದ್ರೂ ಎಡ ಬಲ ತಿಳಿಯಲ್ವಲ್ಲ ನಿಮಗೆ."

"ತಿಳಿಯುತ್ತೆ ಸಾರ್. ಎಡದ್ದು ಏನೂಂತ ನಂಗೆ ಗೊತ್ತಿಲ್ಲ. ಬಲದ್ದು ಮೊಟ್ಟೆ ಚಿಪ್ಪು. ಪೆಟ್ಟಿಗೆ ಮನೆಗೆ ತಗೊಂಡು ಹೋಗಿದ್ದು ನಾನು, ಅಣ್ಣನ ಕಾಲು ಹಿಡಿದು ಇಸ್ಕೊಂಡೆ. ನಿನ್ನೆ ಕಳೆದದ್ದೂ ನಾನೇ, ಚಿಪ್ಪು ತೀಡಿ ಇಟ್ಟಿದ್ದೂ ನಾನೇ. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ನನ್ನ ಇಡೀ ವರ್ಷ ತೆಗೆದುಬಿಡಿ, ಅವರ ಕೆಲಸ ತೆಗೀಬೇಡಿ."

ಒಂದೇ ಉಸಿರಿಗೆ ಇಷ್ಟೆಲ್ಲ ಹೇಳಿ, ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಪರೀಕ್ಷಕರು ಫಿಲ್ಮಿನಲ್ಲಿ ಬಲಗಣ್ಣಿನ ಚೂರನ್ನು ಮತ್ತೆ ನೋಡಿದರು, ಈ ಸಲ ಬಹಳ ಹೊತ್ತು. ತಾವು ಹೊಗಳಿದ್ದು ನೆನಪಾಗಿ ಅವರ ಕಿವಿ ಕೆಂಪಾಯಿತು.

"ಹಾಗಾದ್ರೆ ಎಡದ್ದು ಯಾರದು?"

ಬೆಳಕಿನ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಮೇಡಂ ಎದ್ದು ಬಂದು, ಪರೀಕ್ಷಕರ ಚಿಮಟದಿಂದ ಆ ಚೂರನ್ನು ಬರಿಬೆರಳಲ್ಲಿ ತೆಗೆದುಕೊಂಡರು.

"ಇದು ನಂದು," ಎಂದರು.

"ನಿಮ್ಮದು ಅಂದ್ರೆ?"

"ನಮ್ಮಮ್ಮನ ಹೆಬ್ಬೆರಳಿನ ಉಗುರು."

ಬೀಗದಣ್ಣ ತಲೆ ಎತ್ತಿದ. ಮೇಡಂ ಯಾರ ಮುಖವನ್ನೂ ನೋಡದೆ, ಪಾಠ ಹೇಳುವ ದನಿಯಲ್ಲೇ ಹೇಳಿದರು. "ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಇಲ್ಲೇ ಓದ್ತಿದ್ದೆ. ಅಮ್ಮ ಆಸ್ಪತ್ರೆಲಿ ಮಲಗಿದ್ರು, ಲಕ್ವ ಹೊಡೆದು ಮಾತು ನಿಂತಿತ್ತು. ಪಕ್ಕದಲ್ಲಿ ಕೂತು ಓದೋಕೆ ಅಂತ ಪೆಟ್ಟಿಗೆ ಕದ್ದುಕೊಂಡು ಹೋದೆ. ಎಡದ್ದು ನನ್ನ ಕೈಯಲ್ಲೇ ಪುಡಿಯಾಯ್ತು. ನಾನು ಅಳೋದನ್ನ ಅಮ್ಮ ನೋಡಿದ್ರು. ಉಗುರಿನ ಥರ ಇತ್ತು ಅಂತ ನಾನು ಗೊಣಗಿದ್ದು ಕೇಳಿಸ್ತೋ ಏನೋ. ಒಂದು ಕೈ ಮಾತ್ರ ಆಡ್ತಿತ್ತು. ಆ ಕೈಯ ಹೆಬ್ಬೆರಳು ಮುಂದೆ ಚಾಚಿದ್ರು."

ಅವರ ದನಿ ಅಲ್ಲಿ ಒಮ್ಮೆ ತಡವರಿಸಿತು.

"ಪರೀಕ್ಷೆ ಆದ ಆರನೇ ದಿನ ಹೋದ್ರು. ಆಮೇಲೆ ಹೇಳೋಕೆ ಧೈರ್ಯ ಬರಲಿಲ್ಲ. ಹೇಳಿದ್ರೆ ಇದನ್ನ ತೆಗೆದು ಬಿಸಾಡ್ತಿದ್ರು. ಅಮ್ಮಂದು ಅಂತ ನನ್ನ ಹತ್ರ ಇನ್ನೇನೂ ಉಳಿದಿರ್ಲಿಲ್ಲ. ಅದಕ್ಕೇ ಇಲ್ಲೇ ಕೆಲಸಕ್ಕೆ ಸೇರಿದೆ. ದಿನಾ ಎಣಿಸಿದೆ."

ತಾವೆಲ್ಲ ಬೆನ್ನ ಹಿಂದೆ ನಕ್ಕ ಎಣಿಕೆ ಇದೇ ಆಗಿತ್ತು. ಚಡಪಡಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಮತ್ತೆ ತೆಗೆದು ಒರೆಸಿದರು. "ಇದನ್ನ ನಾನು ಬರೀಬೇಕಾಗುತ್ತೆ ಮೇಡಂ."

"ಬರೀರಿ. ಕಪಾಟಿನ ಮೇಲಿನ ಚೀಟಿ ಬರೆದವಳು ನಾನು. ನನ್ನ ಗುಟ್ಟು ಕಾಯೋಕೆ ಇವನ ಕೆಲಸ ಒತ್ತೆ ಇಟ್ಟಿದ್ದೆ. ಆ ಚೀಟಿ ಹಿಡಿದು ಇವನನ್ನ ಕೇಳೋ ಹಕ್ಕು ನನಗಿಲ್ಲ." ಅವರು ಹೋಗಿ ಚೀಟಿಯನ್ನು ಕಿತ್ತರು. ಅರ್ಧ ಬಂತು, ಅರ್ಧ ಅಂಟಿಕೊಂಡೇ ಇತ್ತು. ಉಳಿದರ್ಧವನ್ನು ಬೀಗದಣ್ಣ ಬಂದು ಕೀಲಿಯ ಮೊನೆಯಿಂದ ಕೆರೆದ.

ಪರೀಕ್ಷಕರು ಪುಸ್ತಕದಲ್ಲಿ ಒಂದೇ ಸಾಲು ಬರೆದರು, ಗಟ್ಟಿಯಾಗಿ ಓದುತ್ತ: "ಪೆಟ್ಟಿಗೆಯಲ್ಲಿ ಎಲುಬು ಹನ್ನೆರಡು. ಕಣ್ಣೀರೆಲುಬು ಎರಡೂ ಹಳೆಯವಾಗಿ ಹಾಳಾಗಿವೆ, ಹೊಸತು ತರಿಸುವುದು." ಪುಸ್ತಕ ಮುಚ್ಚಿ, ಆ ಉಗುರಿನ ಕಡೆ ಕೈತೋರಿಸಿದರು. "ಅದು ಕಾಲೇಜಿನ ಸ್ವತ್ತಲ್ಲ. ಮನೆಗೆ ತಗೊಂಡು ಹೋಗಿ."

ಮೇಡಂ ಅದನ್ನು ಕರವಸ್ತ್ರದ ಮೂಲೆಯಲ್ಲಿ ಗಂಟು ಹಾಕಿಕೊಂಡರು. ಆಮೇಲೆ ಚಡಪಡಿಯ ಎದುರು ಬಂದು ನಿಂತರು. ಏಟು ಬೀಳುತ್ತದೆಂದು ಅವಳು ಕಣ್ಣು ಮುಚ್ಚಿದಳು.

"ಕಳೆದ ಸಲ ಮೊಟ್ಟೆ ತಗೊಂಡು ಹೋದೆ. ಈ ಸಲ ಮೊಟ್ಟೆ ತಂದಿದ್ದೀಯ."

ಬೀಗದಣ್ಣನಿಗೆ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ, ಆದರೆ ಚಿಮಟವನ್ನು ಅವಳ ಕೈಗೆ ಕೊಟ್ಟರು. "ನನ್ನ ಕೈಲಿ ಇವತ್ತು ಆಗಲ್ಲ. ನೀನು ಎಣಿಸಿ ಇಡು. ಹೆಸರು ಹೇಳಿ ಎಣಿಸು."

ಚಡಪಡಿ ಎಣಿಸಿದಳು. ಮೇಲ್ದವಡೆಯಿಂದ ನೇಗಿಲೆಲುಬಿನ ತನಕ ಒಂದೂ ತಪ್ಪಲಿಲ್ಲ, ಎಡ ಬಲವೂ ತಪ್ಪಲಿಲ್ಲ. ಕಾಲು ತಾಳ ಹಾಕುವ ಮಾತಿರಲಿ, ನೆಲಕ್ಕೆ ಕಚ್ಚಿಕೊಂಡು ನಿಂತಿತ್ತು. "ಹನ್ನೆರಡು," ಎಂದು ನಿಲ್ಲಿಸಿದಾಗ ಎರಡು ಗುಳಿ ಖಾಲಿ ಉಳಿದಿದ್ದವು. ಮೇಡಂ ಅವರ ಬೆರಳು ಹಳೆಯ ರೂಢಿಗೆ ಕೊನೆಯ ಗುಳಿಯ ತನಕ ಹೋಗಿ, ಖಾಲಿ ಹತ್ತಿಯನ್ನು ಮುಟ್ಟಿ ಹಿಂದೆ ಬಂತು. ಪರೀಕ್ಷಕರು ತಲೆ ತಗ್ಗಿಸಿ ಅಂಕ ಬರೆಯತೊಡಗಿದರು. ಎಷ್ಟು ಬರೆದರೆಂದು ಕೇಳುವ ಮನಸ್ಸು ಅವಳಿಗೆ ಬರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಕಿಟಕಿಯ ಕೆಳಗೆ ಅದೇ ಜಾಗದಲ್ಲಿ ಕೂತಿದ್ದಳು.

"ಸಿಕ್ಕಿಬಿದ್ಯಾ?"

"ಬಿದ್ದೆ ಅಜ್ಜಿ."

"ಹೇಳ್ಲಿಲ್ವಾ ನಾನು? ಮೊಟ್ಟೆ ಗಿಟ್ಟೆ ಅಂತ ಹೋದೆ. ನನ್ನ ಉಗುರು ಇಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

ಚಡಪಡಿ ಅವಳ ಪಕ್ಕ ಕೂತು, ಆ ಸುಕ್ಕುಗಟ್ಟಿದ ಹೆಬ್ಬೆರಳನ್ನು ತನ್ನ ಅಂಗೈಯೊಳಗೆ ಹಿಡಿದುಕೊಂಡಳು. ಬಹಳ ಹೊತ್ತು ಅಲ್ಲಾಡಲಿಲ್ಲ.

"ಗೊತ್ತಾಗ್ತಿರ್ಲಿಲ್ಲ ಅಜ್ಜಿ," ಎಂದಳು. "ಇಪ್ಪತ್ತೆರಡು ವರ್ಷ ಯಾರಿಗೂ ಗೊತ್ತಾಗ್ತಿರ್ಲಿಲ್ಲ."